ಅತ್ತೆ ಕೂಗದ ಹೆಸರು

ಇದನ್ನು ಬರೆಯಲು ಕೂತು ಇನ್ನೂ ಪೆನ್ನಿನ ಮುಚ್ಚಳ ತೆಗೆದಿಲ್ಲ, ಹಿತ್ತಲಿನಿಂದ ನಮ್ಮತ್ತೆ ನನ್ನ ಮಗಳ ಹೆಸರು ಹಿಡಿದು ಕೂಗತೊಡಗಿದ್ದಾರೆ. ಮಗಳು ಇಲ್ಲೇ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ನಿದ್ದೆ ಹೋಗಿದ್ದಾಳೆ. ಅದು ಅತ್ತೆಗೂ ಗೊತ್ತು, ಮಲಗಿಸಿ ಹೋದವರೇ ಅವರು. ಕರೆಯಲು ಕಾರಣವೇನೂ ಇಲ್ಲ. ಸೊಪ್ಪು ಬಿಡಿಸುತ್ತ ಕೂತವರು ಬಾಯಿ ಸುಮ್ಮನಿರದೆ ಒಂದು ಸಲ ಕೂಗಿದರು. ಕೂಗಿದ್ದು ತಮ್ಮ ಕಿವಿಗೇ ಚೆನ್ನಾಗಿ ಕೇಳಿಸಿತೆಂದು ಇನ್ನೊಂದು ಸಲ ಕೂಗಿದರು. ಪಕ್ಕದ ಹಿತ್ತಲಿನಿಂದ ಯಾರೋ, ‘ಆ ಕೂಸಿನ ಹೆಸ್ರು ಸವೆದೋದಾದು ಕಣಕ್ಕ, ನಾಳೀಕೂ ಒಸಿ ಮಡಿಕ್ಕೊ’ ಎಂದರು. ಅತ್ತೆ ನಕ್ಕು ಮತ್ತೆ ಕೂಗಿದರು.

ಆ ಹೆಸರು ಯಾವುದೆಂದು ಈಗಲೇ ಹೇಳಿದರೆ ನಿಮಗೆ ಅದರಲ್ಲೇನೂ ವಿಶೇಷ ಕಾಣುವುದಿಲ್ಲ. ಶಾಲೆಗೆ ನಾಲ್ಕು ಹುಡುಗಿಯರಿಗೆ ಇರುವಂಥ ಹೆಸರು. ಆದರೆ ಅದು ಅತ್ತೆಯ ಬಾಯಿಗೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಏನೇನು ನಡೆಯಿತೆಂಬುದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಹೇಳುತ್ತ ಹೋದರೆ ನಾನು ಎಲ್ಲೆಲ್ಲಿ ಬೆಚ್ಚಿಬಿದ್ದೆ ಎಂಬುದೂ ಜೊತೆಗೇ ಬರುತ್ತದೆ. ಬೆಚ್ಚಿಬೀಳುವುದರಲ್ಲಿ ನನ್ನದು ಎತ್ತಿದ ಕೈ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತೇನೆ. ಕಣ್ಣು ಕೋಳಿಮೊಟ್ಟೆಯಷ್ಟು ಮಾಡಿಕೊಂಡು ನಿಲ್ಲುವುದು ನೋಡಿ ನಮ್ಮಮ್ಮ, ‘ಇವಳನ್ನು ಯಾರ ಮನೆಗೆ ಕೊಟ್ಟರೂ ಅವರಿಗೆ ಹುಚ್ಚು ಹಿಡಿಯುತ್ತದೆ’ ಎನ್ನುತ್ತಿದ್ದಳು. ನನ್ನ ಗಂಡ ನನ್ನ ಹಿಂದಿನಿಂದ ಬರುವಾಗ ಒಂದು ಸಲ ಕೆಮ್ಮಿ ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ನಾನು ಯಳಂದೂರಿನವಳು. ತವರಿನ ಮನೆದೇವರು ಬಿಳಿಗಿರಿರಂಗ. ಶ್ರಾವಣ ಶನಿವಾರ ಬಂತೆಂದರೆ ನಮ್ಮಜ್ಜಿ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಣೆಗೆ ಮೂರು ನಾಮ ಎಳೆದು, ಕೈಗೊಂದು ಹಿತ್ತಾಳೆ ಚೊಂಬು ಕೊಟ್ಟು ಬೀದಿಗೆ ಅಟ್ಟುತ್ತಿದ್ದಳು. ಒಂದೊಂದು ಮನೆಯ ಮುಂದೆಯೂ ನಿಂತು ಗೋವಿಂದನ ಹೆಸರು ಕೂಗಬೇಕು, ಒಳಗಿನಿಂದ ಒಂದು ಹಿಡಿ ಅಕ್ಕಿ ಬಂದು ಚೊಂಬಿಗೆ ಬೀಳಬೇಕು, ಆ ಅಕ್ಕಿಯಲ್ಲೇ ಅವತ್ತಿನ ನೈವೇದ್ಯ. ನಮ್ಮ ಗುಂಪಿನಲ್ಲಿ ದೊಡ್ಡ ಗಂಟಲು ನನ್ನದು. ಬೀದಿಯ ಕೊನೆಯ ಮನೆಯ ಕಿವುಡಜ್ಜಿ ಬೇರೆ ಯಾರು ಕೂಗಿದರೂ ಬಾಗಿಲು ತೆಗೆಯುತ್ತಿರಲಿಲ್ಲ, ನಾನು ಕೂಗಿದರೆ ಮೊರ ಹಿಡಿದೇ ಬರುತ್ತಿದ್ದಳು. ಅದಕ್ಕೇ ನನ್ನ ಚೊಂಬು ಎಲ್ಲರಿಗಿಂತ ಮೊದಲು ತುಂಬುತ್ತಿತ್ತು, ಚಿಕ್ಕಪ್ಪನ ಮಕ್ಕಳು ಹೊಟ್ಟೆಕಿಚ್ಚಿನಿಂದ ನನ್ನ ನಾಮ ಅಳಿಸುತ್ತಿದ್ದರು. ಭಕ್ತಿ ಎಂದರೆ ಗಂಟಲು ಎಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಜೋರಾಗಿ ಕರೆದರೆ ಓಗೊಡುತ್ತಾನೆ, ಮೆಲ್ಲಗೆ ಕರೆದರೆ ಅವನಿಗೆ ಕೇಳಿಸುವುದಿಲ್ಲ, ಅಷ್ಟೇ ಲೆಕ್ಕ.

ಇಂಥ ಗಂಟಲಿನವಳನ್ನು ಹನೂರು ತಾಲ್ಲೂಕಿನ ಬಂಡಳ್ಳಿಗೆ ಕೊಟ್ಟರು. ಅದು ಮಾದಪ್ಪನ ಒಕ್ಕಲಿನ ಮನೆ. ನಾಮ ಹೋಗಿ ವಿಭೂತಿ ಬಂತು, ಶನಿವಾರದ ಒಪ್ಪೊತ್ತು ಹೋಗಿ ಸೋಮವಾರದ್ದು ಬಂತು. ಅದಕ್ಕೆಲ್ಲ ನಾನು ತಯಾರಾಗಿಯೇ ಬಂದಿದ್ದೆ. ಮೊದಲ ದಿನ ಹೊಸಿಲ ಬಳಿ ನಾದಿನಿಯರು ಅಡ್ಡಗಟ್ಟಿ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ನಿಂತರು. ಹೊಸ ಮದುವಣಗಿತ್ತಿ ನಾಚಿ, ತಲೆ ತಗ್ಗಿಸಿ, ಹತ್ತು ಸಲ ಕೇಳಿಸಿಕೊಂಡು ಒಂದು ಸಲ ಪಿಸುಗುಟ್ಟಬೇಕು. ನಾನು ಕೇಳಿದ ಕೂಡಲೇ ‘ಮಾದೇಶ’ ಎಂದು ಹಾಜರಿ ಹೇಳುವವರಂತೆ ಹೇಳಿ ಬಲಗಾಲಿಟ್ಟು ಸೇರು ಒದ್ದುಬಿಟ್ಟೆ. ಅಕ್ಕಿ ನಡುಮನೆಯವರೆಗೂ ಚೆಲ್ಲಿತು, ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಹೇಳು ಎಂದವರೂ ಇವರೇ, ಹೇಳಿದ್ದಕ್ಕೆ ದಂಗಾದವರೂ ಇವರೇ. ಹೇಳಬಹುದಾದ ಸಲ ಅದೊಂದೇ, ಇನ್ನು ಹೇಳುವಂತಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಗಂಡನ ಹೆಸರು ಹೇಳಬಾರದೆಂಬುದು ನಮ್ಮ ಕಡೆಯೂ ಇರುವುದೇ. ನಮ್ಮಮ್ಮನೂ ಅಪ್ಪನ ಹೆಸರು ಹೇಳಿದವಳಲ್ಲ. ಆದರೆ ನಮ್ಮಪ್ಪನ ಹೆಸರು ಪುಟ್ಟರಾಜು. ಆ ಹೆಸರು ಹೇಳದೆ ಇದ್ದರೆ ಅಮ್ಮನಿಗೆ ನಷ್ಟವೇನೂ ಇರಲಿಲ್ಲ. ಇಲ್ಲಿ ಬಂದು ನೋಡಿದರೆ ನನ್ನ ಮಾವನ ಹೆಸರು ಮಾದಪ್ಪ, ಗಂಡನ ಹೆಸರು ಮಾದೇಶ. ಮಾವನ ಅಣ್ಣ ದೊಡ್ಡಮಾದಪ್ಪ, ತಮ್ಮ ಚಿಕ್ಕಮಾದಪ್ಪ. ಈ ಬೀದಿಯಲ್ಲಿ ನಿಂತು ‘ಮಾದೇವ’ ಎಂದರೆ ಅರ್ಧ ಗಂಡಸರು ತಿರುಗಿ ನೋಡುತ್ತಾರೆ. ಇದರ ಪರಿಣಾಮವೇನೆಂದು ನಾನು ಯೋಚಿಸಿಯೇ ಇರಲಿಲ್ಲ.

ಮದುವೆಯಾದ ಮೊದಲ ಸೋಮವಾರ ನಮ್ಮಿಬ್ಬರನ್ನೂ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೊರಟರು. ನನ್ನ ಗಂಡನದೊಂದು ಗೂಡ್ಸ್ ಗಾಡಿಯಿದೆ. ಈ ಕಡೆಯ ಟೊಮೇಟೊ, ಅರಿಶಿನ ತುಂಬಿಕೊಂಡು ಪಾಲಾರ್ ದಾಟಿ ತಮಿಳುನಾಡಿನ ಮಂಡಿಗಳಿಗೆ ಹಾಕಿ ಬರುವುದು ಅವರ ಕೆಲಸ. ಅದರ ಹಿಂಭಾಗಕ್ಕೆ ಜಮಖಾನ ಹಾಸಿ ನಂಟರೆಲ್ಲ ಕೂತೆವು. ಕಾಡು ಶುರುವಾದ ಮೇಲೆ ಮೊದಲ ತಿರುವಿನಲ್ಲಿ ಮಾವ ಎದ್ದು ನಿಂತು ಉಘೇ ಎಂದರು. ನನ್ನ ಗಂಟಲು ಕಾದಿತ್ತು. ಶ್ರಾವಣದ ಶನಿವಾರಗಳನ್ನೆಲ್ಲ ನೆನೆದು, ಕಣ್ಣು ಮುಚ್ಚಿ, ‘ಉಘೇ ಉಘೇ ಮಾದಪ್ಪಾ’ ಎಂದು ಗಾಡಿಯ ತಗಡು ಅದುರುವ ಹಾಗೆ ಕೂಗಿದೆ.

ಕಣ್ಣು ಬಿಡುವಷ್ಟರಲ್ಲಿ ದೊಡ್ಡತ್ತೆಯೊಬ್ಬರು ಎದ್ದು ಬಂದು ನನ್ನ ಬಾಯಿಗೆ ಅಂಗೈ ಒತ್ತಿದರು. ಗಾಡಿ ನಿಂತಿತು. ಯಾರಿಗಾದರೂ ಏನಾಯಿತೋ ಎಂದು ನನ್ನ ಗಂಡ ಇಳಿದು ಬಂದು ನೋಡಿದರು. ಆ ಹೆಂಗಸು, ‘ನಿನ್ನೆಡ್ತಿ ಮಾವನ ಹೆಸರಾ ಬೀದೀಲಿ ಕೂಗ್ಬುಟ್ಲು ಕಣ್ಲಾ’ ಎಂದು ದೂರು ಕೊಟ್ಟರು. ನಾನು ದೇವರ ಹೆಸರು ಕೂಗಿದ್ದು ಎಂದೆ. ದೇವರ ಹೆಸರೇ ಆಗಿರಲಿ, ಮಾವನ ಹೆಸರೂ ಅದೇ ತಾನೆ ಎಂದರು. ಅವತ್ತು ನನಗೆ ಸಿಡಿಲು ಬಡಿದ ಹಾಗಾಯಿತು. ಈ ಮನೆಯಲ್ಲಿ ದೇವರೇನೋ ಇದ್ದಾನೆ, ಅವನ ಹೆಸರು ಮಾತ್ರ ನನಗಿಲ್ಲ.

ಗಾಡಿ ಮತ್ತೆ ಹೊರಟ ಮೇಲೆ ನಾನು ಅವಮಾನದಿಂದ ಮುದುಡಿ ಕೂತು ಸುಮ್ಮನೆ ಕೇಳಿಸಿಕೊಂಡೆ. ಗಂಡಸರು ‘ಉಘೇ ಉಘೇ ಮಾದಪ್ಪಾ’ ಎನ್ನುತ್ತಿದ್ದರು. ಹೆಂಗಸರು ‘ಉಘೇ ಉಘೇ’ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ನನ್ನೆದುರಿಗೆ ಕೂತಿದ್ದ ಅತ್ತೆಯ ತುಟಿಗಳು ಸರಿಯಾಗಿ ಹೆಸರಿನ ಜಾಗಕ್ಕೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕಣ್ಣಲ್ಲಿ ನೀರಿತ್ತು, ಕೈ ಮುಗಿದಿತ್ತು, ಬಾಯಿ ಮಾತ್ರ ಮುಚ್ಚಿತ್ತು.

ಅಂದಿನಿಂದ ಅತ್ತೆಯನ್ನು ಗಮನಿಸುವುದೇ ನನಗೊಂದು ಕೆಲಸವಾಯಿತು. ದೇವರು ಅವರಿಗೆ ‘ಬೆಟ್ಟದವ್ನು’. ಗಂಡ ‘ಇವ್ರು’. ಸೊಸೈಟಿಯಲ್ಲಿ ಅಕ್ಕಿ ತರಲು ಹೋದಾಗ ಗಂಡನ ಹೆಸರು ಕೇಳಿದರೆ ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಹುಲಿಯ ಮೇಲೆ ಕೂತಿರುವ ಮಾದಪ್ಪನ ಕಡೆ ಬೆರಳು ತೋರಿಸುತ್ತಿದ್ದರು. ಹೊಸದಾಗಿ ಬಂದಿದ್ದ ಹುಡುಗ, ಆಮೇಲೆ ಕೈ ಮುಗಿಯೋಣ ಅಜ್ಜಿ, ಮೊದಲು ಹೆಸರು ಹೇಳಿ ಎಂದನಂತೆ. ಅತ್ತೆ ಇನ್ನಷ್ಟು ಭಕ್ತಿಯಿಂದ ಇನ್ನೊಂದು ಸಲ ತೋರಿಸಿದರಂತೆ. ಈ ಕತೆಯನ್ನು ಊರೆಲ್ಲ ಹೇಳಿಕೊಂಡು ನಗುತ್ತಾರೆ, ಅತ್ತೆಯೂ ನಗುತ್ತಾರೆ.

ನನಗೆ ನಗು ಬಾರದೆ ಹೋದದ್ದು ಇನ್ನೊಂದು ಸಂಗತಿ ಗೊತ್ತಾದ ಮೇಲೆ. ಅತ್ತೆ ನನ್ನ ಗಂಡನನ್ನು ‘ಪುಟ್ಟಣ್ಣ’ ಎಂದು ಕರೆಯುತ್ತಾರೆ. ಮುದ್ದಿಗೆ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ರಾಗಿ ಹಸನು ಮಾಡುತ್ತ ಕೇಳಿದೆ. ಹೆತ್ತ ಮಗನ ಹೆಸರಿನಲ್ಲೂ ಗಂಡನ ಹೆಸರು ಸೇರಿಕೊಂಡಿರುವುದರಿಂದ ಅವರು ಮಗನನ್ನು ಹುಟ್ಟಿದಂದಿನಿಂದ ಒಂದು ಸಲವೂ ಹೆಸರು ಹಿಡಿದು ಕರೆದೇ ಇಲ್ಲವಂತೆ. ಶಾಲೆಗೆ ಸೇರಿಸುವಾಗ ಮೇಷ್ಟ್ರಿಗೆ ಹೆಸರು ಹೇಳಿದ್ದು ಪಕ್ಕದ ಮನೆಯವಳು. ಅದನ್ನು ಅತ್ತೆ ಕಲ್ಲು ಆರಿಸಿ ಎಸೆದಷ್ಟು ಸಲೀಸಾಗಿ ಹೇಳಿದರು. ನನ್ನ ಕೈಯಲ್ಲಿದ್ದ ಮೊರ ನಿಂತಲ್ಲೇ ನಿಂತಿತು.

ಆಗ ನಾನು ಮಾಡುತ್ತಿದ್ದ ಒಂದು ಕಳ್ಳ ಕೆಲಸವನ್ನು ನಿಮಗೆ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಬಚ್ಚಲಲ್ಲಿ ಬಟ್ಟೆ ಒಗೆಯುತ್ತ ‘ಮಾದೇಶ’ ಎಂದು ಹೇಳಿಕೊಳ್ಳುತ್ತಿದ್ದೆ. ಒಮ್ಮೆ ಮೆಲ್ಲಗೆ, ಒಮ್ಮೆ ಗದರುವ ಹಾಗೆ, ಒಮ್ಮೆ ರಾಗವಾಗಿ. ಹೇಳಿ ಬಾಗಿಲ ಕಡೆ ನೋಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಡಿಗ್ರಿ ಮಾಡಿದವಳು ನಾನು, ಇದೆಲ್ಲ ಹೆದರುವ ವಿಷಯವೇ ಎಂದು ಒಳಗೊಳಗೆ ಬೀಗುತ್ತಿದ್ದೆ. ಎದುರಿಗೆ ಬಂದಾಗ ಮಾತ್ರ ‘ರೀ’.

ಮದುವೆಯಾಗಿ ವರ್ಷಗಳು ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಸುದ್ದಿಯಿರಲಿಲ್ಲ. ನನ್ನೆದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಯ ಸೀಮಂತಕ್ಕೆ ಕರೆ ಬಂದರೂ ಅತ್ತೆ ಒಬ್ಬರೇ ಹೋಗಿಬರುತ್ತಿದ್ದರು, ನನಗೆ ಏನಾದರೊಂದು ಕೆಲಸ ಹೇಳಿ ಮನೆಯಲ್ಲೇ ಬಿಡುತ್ತಿದ್ದರು. ಅದು ನನ್ನ ಮೇಲಿನ ಮುನಿಸು ಎಂದುಕೊಂಡು ನಾನು ಮೂಲೆಯಲ್ಲಿ ಕೂತು ಅತ್ತದ್ದೂ ಇದೆ. ಅಷ್ಟರಲ್ಲಿ ಕೊಳ್ಳೇಗಾಲದಲ್ಲಿ ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ ಬಂತು. ಮರುದಿನ ಅಮಾವಾಸ್ಯೆ. ಗಂಡಸರು ಅಂದೇ ಊರಿಗೆ ಹಿಂತಿರುಗಿದರು. ಅತ್ತೆ ಮಾತ್ರ ನನ್ನನ್ನು ನಿಲ್ಲಿಸಿಕೊಂಡು, ನಾಳೆ ಇಲ್ಲಿಂದಲೇ ಬೆಟ್ಟಕ್ಕೆ ಹೋಗಿ ಬರೋಣ, ಒಂದು ಹರಕೆ ಇದೆ ಎಂದರು. ಎಮ್ಮೆ ಗಬ್ಬ ನಿಲ್ಲದೆ ಹೋದದ್ದಕ್ಕೆ ಹರಕೆಯಿರಬೇಕೆಂದು ನಾನು ಸುಮ್ಮನಾದೆ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಮಾವಾಸ್ಯೆಯ ದಿನ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವತ್ತು ಶನಿವಾರ ಬೇರೆ. ನಾನು ಹೂವು ತರಲು ಅತ್ತ ಹೋದೆ. ಅಕ್ಷರ ಓದಲು ಬಾರದ ಅತ್ತೆ ಯಾವ ಬಸ್ಸೆಂದು ಯಾರನ್ನಾದರೂ ಕೇಳಬೇಕೆಂದರೆ ಆ ಹೆಸರು ಹೇಳಬೇಕು. ಅದಕ್ಕೇ ಅವರದೊಂದು ಪದ್ಧತಿಯಿತ್ತು. ಕಾಯಿ ಹಣ್ಣಿನ ಚೀಲ ಹಿಡಿದ ಹೆಂಗಸರು ಎಲ್ಲಿ ಹತ್ತುತ್ತಾರೋ ಅಲ್ಲಿ ತಾವೂ ಹತ್ತುವುದು. ಹನೂರಿನಲ್ಲಿ ಈ ಪದ್ಧತಿ ಎಂದೂ ಕೈಕೊಟ್ಟಿರಲಿಲ್ಲ, ಅಲ್ಲಿಂದ ಅಮಾವಾಸ್ಯೆಗೆ ಕಾಯಿ ಹಿಡಿದು ಹೊರಟವರೆಲ್ಲ ಹೋಗುವುದು ಒಂದೇ ಕಡೆಗೆ. ನಾನು ಹೂವು ಹಿಡಿದು ಬರುವ ಹೊತ್ತಿಗೆ ಅತ್ತೆ ಒಂದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಇಬ್ಬರಿಗೂ ಸೀಟು ಹಿಡಿದು ಕೂತಿದ್ದರು. ಹಿಂದಿನ ಜನ ನನ್ನನ್ನು ಬೋರ್ಡು ನೋಡಲೂ ಬಿಡದೆ ಒಳಗೆ ನೂಕಿದರು. ನಾನು ಹುಟ್ಟುವ ಮೊದಲಿನಿಂದ ಬೆಟ್ಟಕ್ಕೆ ಹೋಗುತ್ತಿರುವ ಹೆಂಗಸಿಗೆ ನಾನೇನು ಹೇಳುವುದು ಎಂದು ಕೂತುಬಿಟ್ಟೆ. ಕಂಡಕ್ಟರ್ ಬಂದು ಬೆಟ್ಟಕ್ಕೇನಮ್ಮ ಎಂದ, ಅತ್ತೆ ತಲೆ ಆಡಿಸಿದರು, ಎರಡು ಫ್ರೀ ಟಿಕೆಟ್ ಹರಿದು ಕೊಟ್ಟ.

ಬಸ್ಸಿನಲ್ಲಿ ನನಗೆ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಅತ್ತೆಯ ಹೆಗಲಿಗೆ ಒರಗಿದೆ, ನಿದ್ದೆ ಬಂತು. ಬಸ್ಸು ನಿಂತಾಗ ಕಣ್ಣು ಬಿಟ್ಟೆ. ಕಿಟಕಿಯಾಚೆ ನಾನು ಶಾಲೆಗೆ ಹೋಗುವಾಗ ನೋಡುತ್ತಿದ್ದ ಬೇಕರಿ ಇತ್ತು. ಅದರ ಪಕ್ಕದಲ್ಲಿ ನಮ್ಮಪ್ಪ ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿ. ಬಳೆಮಂಟಪದ ಕಡೆಗೆ ತಿರುಗುವ ದಾರಿ. ಸತ್ತವರಿಗೆ ತವರುಮನೆ ಕಾಣುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬಸ್ಸು ಎಲ್ಲೋ ಉರುಳಿ ನಾನು ಸತ್ತೇಹೋದೆ ಎಂದುಕೊಂಡೆ. ಪಕ್ಕದಲ್ಲಿ ಅತ್ತೆ ಚೀಲ ತೊಡೆಯ ಮೇಲಿಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದರು. ‘ಅತ್ತೆ, ಇದು ಯಳಂದೂರು’ ಎಂದೆ. ಬಸ್ಸು ಬಿಳಿಗಿರಿರಂಗನ ಬೆಟ್ಟದ್ದು.

ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅಮಾವಾಸ್ಯೆಯ ದಿನ, ಹರಕೆ ಹೊತ್ತು, ಮಾದಪ್ಪನ ಕಾಯಿ ಹಿಡಿದು ಬೇರೆ ದೇವರ ಬಸ್ಸಿನಲ್ಲಿ ಕೂತಿದ್ದರು. ಇಳಿದುಬಿಡೋಣ, ವಾಪಸ್ ಹೋಗಿ ಆ ಬಸ್ಸು ಹಿಡಿಯೋಣ ಎಂದು ನಾನು ಎದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿದರು. ಒಂದು ದೇವರ ಬಸ್ಸಿನಿಂದ ಎದ್ದು ಇನ್ನೊಂದು ದೇವರ ಬಸ್ಸಿಗೆ ಹೋದರೆ ಇಬ್ಬರೂ ಏನಂದುಕೊಂಡಾರು, ಕರೆಸಿಕೊಂಡವನು ಇವನು, ನಿನ್ನ ತವರಿನ ದೇವರು ಬೇರೆ, ಹೋಗೋಣ ಎಂದರು.

ಚೆಕ್‌ಪೋಸ್ಟ್ ದಾಟಿ ಬಸ್ಸು ಕಾಡು ಹೊಕ್ಕಿತು. ಹಿಂದಿನ ಸೀಟಿನಿಂದ ಯಾರೋ ರಂಗಪ್ಪನ ಪಾದಕ್ಕೆ ಎಂದರು, ಬಸ್ಸೆಲ್ಲ ಗೋವಿಂದಾ ಎಂದಿತು. ನಾನೂ ಎಂದೆ, ಅಭ್ಯಾಸಬಲ. ಅತ್ತೆ ನನ್ನ ಕಡೆ ತಿರುಗಿದರು. ನಮ್ಮ ಕಡೆಯವರಲ್ಲಿ ಯಾರಿಗಾದರೂ ಈ ಹೆಸರಿದೆಯೇ ಎಂದು ಕೇಳಿದರು. ಯಾವ ಹೆಸರು ಎಂದೆ. ಇದೇ, ಈಗ ನೀವೆಲ್ಲ ಕೂಗಿದ್ದು ಎಂದರು. ನಾನು ಯೋಚಿಸುವ ಮೊದಲೇ ಅವರು ಬೆರಳು ಮಡಿಸಿಕೊಂಡು ಲೆಕ್ಕಕ್ಕೆ ಕೂತರು. ಮಾವನವರು ಇಲ್ಲ, ಭಾವ ಇಲ್ಲ, ಮೈದುನ ಇಲ್ಲ, ಬೀಗರ ಕಡೆಯೂ ಇಲ್ಲ. ಶಾಗ್ಯದ ತವರುಮನೆಯವರೆಗೂ ಹೋಗಿ ಬಂದು ಬೆರಳು ಬಿಚ್ಚಿದರು. ಯಾರೂ ಇರಲಿಲ್ಲ.

ಮುಂದಿನ ತಿರುವಿನಲ್ಲಿ ಹಿಂದಿನವರು ಮತ್ತೆ ಶುರುಮಾಡಿದರು. ನನ್ನ ಪಕ್ಕದಿಂದ ಒಂದು ದನಿ ಎದ್ದಿತು. ಅಂಥ ದನಿ ಆ ಹೆಂಗಸಿನೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಮ್ಮೆಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುವವರು, ‘ರಂಗಪ್ಪಾ, ಗೋವಿಂದಾ’ ಎಂದು ಕೂಗಿದರೆ ಡ್ರೈವರ್ ಕನ್ನಡಿಯಲ್ಲಿ ನೋಡಿದ. ನಾನು ಬೆಚ್ಚಿ ನಿಂಬೆಹಣ್ಣು ಕೈಬಿಟ್ಟೆ. ಅದು ಬಸ್ಸಿನ ಉದ್ದಕ್ಕೂ ಉರುಳಿಕೊಂಡು ಹೋಯಿತು. ಅತ್ತೆ ಎದ್ದು ನಿಂತು ಕಂಬಿ ಹಿಡಿದು ಇನ್ನೊಂದು ಸಲ ಕೂಗಿದರು. ಬೆಟ್ಟ ಮುಟ್ಟುವವರೆಗೆ ನಿಲ್ಲಿಸಲಿಲ್ಲ. ಯಳಂದೂರಿನ ದೊಡ್ಡ ಗಂಟಲು ಅವತ್ತು ಸೋತು ಸುಮ್ಮನೆ ಕೂತಿತ್ತು. ಆ ಕೂಗು ಕೇಳುತ್ತ ನನಗೆ ಯಾಕೋ ಅಳು ಬಂತು.

ಗುಡಿಯಲ್ಲಿ ಅವರು ಮಾಡಿದ್ದೂ ಅದೇ. ದೇವರ ಮುಂದೆ ಎಲ್ಲರೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾರೆ, ಇವರು ಬಾಯಿ ಬಿಟ್ಟು ಬೇಡಿದರು. ‘ರಂಗಪ್ಪ, ನನ್ ಸೊಸೆಗೊಂದು ಕೂಸ ಕೊಡಪ್ಪ. ಅವ್ಳು ಮೂಲೇಲಿ ಕುಂತು ಅಳದ ನಾ ನೋಡ್ನಾರೆ.’ ನಾನು ಪಕ್ಕದಲ್ಲೇ ನಿಂತಿದ್ದೆ. ಎಮ್ಮೆಯ ಹರಕೆ ಎಂದುಕೊಂಡು ಬಂದವಳು ನಾನು. ಸೀಮಂತದ ಮನೆಗಳಿಗೆ ನನ್ನನ್ನು ಕರೆದೊಯ್ಯದೆ ಇದ್ದದ್ದು ಯಾಕೆಂದು ಆ ನಿಮಿಷಕ್ಕೆ ಹೊಳೆಯಿತು. ಅಲ್ಲಿಯ ಹೆಂಗಸರ ಬಾಯಿಗೆ ನಾನು ಸಿಗದಿರಲಿ ಎಂದು. ಪೂಜಾರಪ್ಪ ರಂಗಪ್ಪನ ದೊಡ್ಡ ಚರ್ಮದ ಮೆಟ್ಟನ್ನು ತಂದು ನಮ್ಮ ತಲೆಗೆ ಮುಟ್ಟಿಸಿದರು. ಆ ಪದ್ಧತಿ ಗೊತ್ತಿಲ್ಲದ ಅತ್ತೆ ಒಮ್ಮೆ ಹೌಹಾರಿದರೂ ತಲೆ ಬಗ್ಗಿಸಿಯೇ ನಿಂತರು. ನಾನು ಮಾತ್ರ ಅಳುತ್ತಲೇ ಇದ್ದೆ.

ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಬೆಟ್ಟದ ನೆಲ್ಲಿಕಾಯಿ ಮಾರುತ್ತಿದ್ದ ಸೋಲಿಗರ ಹೆಂಗಸಿನ ಹತ್ತಿರ ಅತ್ತೆ ಕೂತುಬಿಟ್ಟರು. ಆಕೆ ಮಾತಿನ ನಡುವೆ ರಂಗಪ್ಪನನ್ನು ನಮ್ಮ ಭಾವ ಎಂದಳು. ದೇವರನ್ನು ಭಾವ ಎನ್ನುತ್ತೀರಾ ಎಂದು ಅತ್ತೆ ಕಣ್ಣರಳಿಸಿದರು. ನಮ್ಮ ಹುಡುಗಿಯನ್ನು ಕಟ್ಟಿಕೊಂಡ ಮೇಲೆ ಭಾವನಲ್ಲದೆ ಇನ್ನೇನು ಎಂದು ಆಕೆ ನಕ್ಕಳು. ರಂಗಪ್ಪನ ಕೈಹಿಡಿದ ಆ ಸೋಲಿಗರ ಹುಡುಗಿಯ ಹೆಸರನ್ನು ಅತ್ತೆ ಎರಡು ಸಲ ಕೇಳಿ ತಿಳಿದುಕೊಂಡರು. ಬಸ್ಸಿನಲ್ಲಿ ಕೂತ ಮೇಲೂ ತುಟಿಯಲ್ಲೇ ಅದನ್ನು ಹೇಳಿಕೊಳ್ಳುತ್ತಿದ್ದರು.

ಮಾವನಿಗೆ ವಿಷಯ ತಿಳಿದಾಗ ದೊಡ್ಡ ಗದ್ದಲವಾಗಬಹುದೆಂದು ನಾನು ಹೆದರಿದ್ದೆ. ಅವರು ಬಾಯ್ತೆರೆದು ಕೂತರು, ಅಷ್ಟೇ. ಇಷ್ಟು ವರ್ಷ ಬೆಟ್ಟಕ್ಕೆ ಹೋದವಳಿಗೆ ದಾರಿ ಗೊತ್ತಿಲ್ಲವೇ ಎಂದು ಎಂಟು ದಿನ ಅದನ್ನೇ ಹೇಳಿದರು. ಮುಂದಿನ ಅಮಾವಾಸ್ಯೆಗೆ ತಾವೇ ಹೋಗಿ ಮಾದಪ್ಪನಿಗೆ ತಪ್ಪುಕಾಣಿಕೆ ಹಾಕಿ ಬಂದರು. ಅದಾಗಿ ಸ್ವಲ್ಪ ದಿನಕ್ಕೆ ನನಗೆ ಮುಟ್ಟು ನಿಂತಿತು. ಕೊಟ್ಟವನು ಮಾದಪ್ಪ ಎಂದು ಮಾವ, ಮೊದಲು ಕೇಳಿದ್ದು ಎಲ್ಲಿ ನೆನಪು ಮಾಡಿಕೊಳ್ಳಿ ಎಂದು ಅತ್ತೆ. ಇಬ್ಬರು ದೇವರುಗಳ ನಡುವೆ ಹೊಟ್ಟೆ ಹೊತ್ತುಕೊಂಡು ನಾನು ಓಡಾಡಿದೆ.

ಯಳಂದೂರಿನಲ್ಲಿ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂಡಳ್ಳಿಗೆ ಬಂದೆ. ನಾಮಕರಣದ ದಿನ ಹೆಸರಿನ ವಿಷಯವಾಗಿ ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಗಂಡಾದರೆ ಮಾದೇವ, ಹೆಣ್ಣಾದರೆ ಮಾದೇವಿ ಎಂದು ಮಾವ ಎಂದೋ ಹೇಳಿಯಾಗಿತ್ತು. ನಮ್ಮ ಮನೆಯಲ್ಲಿ ಮೊದಲು ಅಜ್ಜಿಯಾದವಳು ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಬೇಕು. ಮನೆತುಂಬ ಜನ, ವಾಲಗದವರು ಸನ್ನೆಗಾಗಿ ಕಾಯುತ್ತಿದ್ದರು. ಅತ್ತೆ ಬಗ್ಗಿದರು. ಹಾಗೇ ಇದ್ದರು. ಹೆಸರಿನ ಜಾಗಕ್ಕೆ ಬಂದು ಅವರ ತುಟಿ ಅಂಟಿಕೊಂಡದ್ದು ನನಗೆ ಕಾಣುತ್ತಿತ್ತು. ಅವರ ಗಂಡನ ಹೆಸರು ಈಗ ಮೊಮ್ಮಗಳವರೆಗೂ ಬಂದು ನಿಂತಿತ್ತು.

ಅವರು ನೆಟ್ಟಗಾಗಿ ನಿಂತು ಬೇರೆ ಹೆಸರಿಡಿ ಎಂದರು. ವಾಲಗದವನು ಸನ್ನೆ ಎಂದು ತಿಳಿದು ಒಮ್ಮೆ ಊದಿ ನಿಲ್ಲಿಸಿದ. ಮಾವ ಯಾಕೆ ಎಂದರು. ತುಂಬಿದ ಸಭೆಯಲ್ಲಿ ಗಂಡನ ಮಾತಿಗೆ ಅಡ್ಡ ಬಂದವರಲ್ಲ ನಮ್ಮತ್ತೆ. ಅವತ್ತು ಬಂದರು.

‘ಎತ್ತ ಮಗನ್ನ ಹೆಸರಿಡ್ದು ಕರೀನಿಲ್ಲ. ಬೆಟ್ಟದವನ್ನೂ ಕರೀನಿಲ್ಲ. ಈ ಕೂಸ್ನಾರ ಬಾಯ್ತುಂಬ ಕೂಗ್ತೀನಿ, ಬುಡಿ.’

ಎಲ್ಲರೂ ದಂಗಾಗಿ ಕೂತರು. ಎಲ್ಲರಿಗಿಂತ ದಂಗಾದವರು ಮಾವ. ಊರಿನ ಹೆಂಗಸರೆಲ್ಲ ಹೀಗೆಯೇ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದದ್ದನ್ನು ಎಂದೂ ಕೂಡಿಸಿ ನೋಡಿರಲಿಲ್ಲ. ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಾಗಾದರೆ ಇಷ್ಟು ವರ್ಷ ಬೆಟ್ಟಕ್ಕೆ ಹೋಗಿ ನೀನು ಏನೆಂದು ಕರೆಯುತ್ತಿದ್ದೆ ಎಂದು ಕೇಳಿದರು. ಕರೆಯುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದೆ ಎಂದರು ಅತ್ತೆ. ಮಾವ ಎದ್ದು ಹಟ್ಟಿಯ ಕಡೆಗೆ ಹೋದರು. ದನಗಳಿಗೆ ಹುಲ್ಲು ಹಾಕಿ ಬಂದರು, ಹಾಕಬೇಕಾದ ಹೊತ್ತೇನೂ ಅಲ್ಲ ಅದು. ಬಂದು, ‘ನಿನ್ ಬಾಯ್ಗೆ ಯಾವ್ದು ಬತ್ತದೋ ಅದ್ನೇ ಕೂಗು’ ಎಂದರು.

ರಂಗಪ್ಪನ ಕೈಹಿಡಿದ ಹುಡುಗಿ ಕುಸುಮಾಲೆ. ಅತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೇಳಬೇಕಾದ್ದನ್ನು ಬೀದಿಗೆ ಕೇಳುವ ಹಾಗೆ ‘ಕುಸುಮಾ’ ಎಂದರು. ಮಗು ಬೆಚ್ಚಿ ಕಿಟಾರನೆ ಕಿರುಚಿತು. ತಾಯಿಯಂತೆ ಮಗಳು ಎಂದು ನನ್ನ ಗಂಡ ನಕ್ಕರು. ಅವತ್ತಿನಿಂದ ಶುರುವಾದ ಕೂಗು ಇವತ್ತಿನವರೆಗೂ ನಿಂತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ನನಗೆ ಬಾಯಿ ಸುಮ್ಮನಿರಬೇಕಲ್ಲ. ಮಗಳ ಮುಡಿ ಕೊಡಲು ಮೊನ್ನೆ ಮಾದಪ್ಪನ ಬೆಟ್ಟಕ್ಕೆ ಹೋದೆವು. ಗಂಡ ಬಾಡಿಗೆಗೆ ಪಾಲಾರ್ ಕಡೆ ಹೋಗಿದ್ದರು, ನಾವು ಹನೂರಿನಿಂದ ಬಸ್ಸಿನಲ್ಲಿ ಹೊರಟೆವು. ಮಾವ ಮುಂದೆ ಕೂತಿದ್ದರು. ಬಸ್ಸೆಲ್ಲ ಉಘೇ ಎಂದಾಗ ಅತ್ತೆ ಮೊಮ್ಮಗಳ ಕೈಗಳನ್ನು ಹಿಡಿದು ಮುಗಿಸಿ, ತಾವು ಮಾತ್ರ ಎಂದಿನಂತೆ ಹೆಸರಿನ ಜಾಗದಲ್ಲಿ ತುಟಿ ಮುಚ್ಚಿದರು. ನನಗೆ ಸಿಟ್ಟು ಬಂತು. ಸಭೆಯಲ್ಲಿ ಅಷ್ಟು ಮಾತಾಡಿದ ಮೇಲೆ ಇದೊಂದನ್ನು ಯಾಕೆ ಹಿಡಿದುಕೊಂಡಿರಬೇಕು. ಮಾವ ಈಗ ಏನೂ ಅನ್ನುವುದಿಲ್ಲ, ಒಂದು ಸಲ ಕೂಗಿಬಿಡಿ ಅತ್ತೆ, ನಿಮಗೂ ಆಸೆಯಿದೆ ಎಂದು ನನಗೆ ಗೊತ್ತು ಎಂದೆ.

ಅತ್ತೆ ಮಗುವಿನ ಬೋಳಾಗಲಿದ್ದ ತಲೆಯ ಗುಂಗುರು ಕೂದಲನ್ನು ಸವರುತ್ತ ತಮ್ಮ ತಾಯಿಯ ವಿಷಯ ತೆಗೆದರು. ಶಾಗ್ಯದಲ್ಲಿ ಅವರಪ್ಪ ಹೊಲದಿಂದ ಬಂದವರು ಜಗುಲಿಯ ಮೇಲೆ ಮಲಗಿದ್ದಲ್ಲೇ ಹೋಗಿಬಿಟ್ಟರಂತೆ. ‘ನಮ್ಮವ್ವ ನಮ್ಮಪ್ಪನ ಹೆಸರ ಕೂಗಿದ್ದು ಅವತ್ತೊಂದೇ ಸತಿ. ಎಣದ ಮುಂದ ಕುಂತು, ಹೆಸರಿಡ್ದು, ಏಳು ಏಳು ಅಂತ ಕೂಗದ್ಲು. ಆವತ್ತು ಹೆಂಗಸ್ರಿಗೆ ಯಾರೂ ಬ್ಯಾಡ ಅನ್ನಕಿಲ್ಲ.’

ಅವರು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮಾವನ ತಲೆಯ ಕಡೆ ನೋಡುತ್ತ, ದನಿ ಏರಿಸದೆ ಹೇಳಿದರು.

‘ಆ ಹೆಸರು ನನ್ ಬಾಯ್ಗೆ ಬರ ದಿನ ಬರ್ದೇ ಇರ್ಲಿ ಅಂತ್ಲೇ ಕಣವ್ವ ನಾ ಬೆಟ್ಟಕ್ಕ ಓಗದು.’

ಬಸ್ಸು ಇನ್ನೊಂದು ತಿರುವು ತಿರುಗಿತು. ಗಂಡಸರು ಕೂಗಿದರು. ಹೆಂಗಸರು ಅರ್ಧ ಕೂಗಿ ಸುಮ್ಮನಾದರು. ನಾನು ಅವರೆಲ್ಲರ ಮುಚ್ಚಿದ ಬಾಯಿಗಳನ್ನು ನೋಡುತ್ತ ಕೂತೆ. ಇಷ್ಟು ದಿನ ನಾನು ಆ ಮುಚ್ಚಿದ ಬಾಯೊಳಗೆ ಏನೂ ಇಲ್ಲ ಎಂದುಕೊಂಡಿದ್ದೆ. ಪ್ರತಿಯೊಬ್ಬಳೂ ಅಲ್ಲಿ ಒಬ್ಬ ಮನುಷ್ಯನನ್ನು ಬದುಕಿಸಿ ಇಟ್ಟುಕೊಂಡಿದ್ದಳು.

ಮುಡಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಗಂಡ ಇನ್ನೂ ಬಂದಿರಲಿಲ್ಲ. ಫೋನು ಮಾಡಿದರೆ ಹೋಗಲಿಲ್ಲ. ಪಾಲಾರಿನಿಂದ ಈಚೆಗೆ ಕಾಡಿನಲ್ಲಿ ಸಿಗ್ನಲ್ ಇಲ್ಲದಿರುವುದು ಹೊಸದೇನಲ್ಲ, ಒಂದು ದಿನವೂ ನಾನು ಅದಕ್ಕೆ ಹೆದರಿದವಳಲ್ಲ. ಅವತ್ತು ದೀಪ ಹಚ್ಚುವಾಗ ಕಡ್ಡಿ ಎರಡು ಸಲ ಕೈಜಾರಿತು. ಅತ್ತೆ ಹಜಾರದಲ್ಲಿ ಮಗಳ ನುಣ್ಣನೆಯ ತಲೆಗೆ ಗಂಧ ಹಚ್ಚುತ್ತ ಅವಳ ಹೆಸರು ಕೂಗುತ್ತಿದ್ದರು. ನಾನು ಬಾಗಿಲಿಗೂ ಬಚ್ಚಲಿಗೂ ತಿರುಗಾಡಿದೆ. ಬಚ್ಚಲಲ್ಲಿ ನಿಂತಾಗ, ದಿನವೂ ಆಟಕ್ಕೆ ಹೇಳುತ್ತಿದ್ದ ಆ ಹೆಸರು ತಾನಾಗಿ ನಾಲಿಗೆಯ ತುದಿಗೆ ಬಂತು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

ಹೊರಗೆ ಗಾಡಿಯ ಸದ್ದಾಯಿತು. ಹಿಂದೆಯೇ ಒಂದು ಕೆಮ್ಮು ಕೇಳಿಸಿತು. ನಾನು ಓಡಿ ಬಾಗಿಲಿಗೆ ಹೋಗಿ, ತುಟಿಗೆ ಬಂದದ್ದನ್ನು ನುಂಗಿಕೊಂಡು, ‘ರೀ, ಬಂದ್ರಾ’ ಎಂದೆ.